ಪ್ರೊಸೆಸರ್‌ಗೆ ಥರ್ಮಲ್ ಪೇಸ್ಟ್: ಆರಿಸುವುದು, ಹಚ್ಚುವುದು ಹೇಗೆ?

ಧೂಳು ತೆಗೆದ ಮೇಲೂ ಕಂಪ್ಯೂಟರ್ ಫ್ಯಾನ್ ಜೋರಾಗಿ ಸದ್ದು ಮಾಡುತ್ತಿದೆಯಾ? ಪ್ರೊಸೆಸರ್ ಮತ್ತು ಕೂಲರ್ (ಅದರ ಮೇಲೆ ಕೂತು ಶಾಖ ಹೊರಹಾಕುವ ಫ್ಯಾನ್ ಇರುವ ಲೋಹದ ಭಾಗ) ನಡುವಿನ ಥರ್ಮಲ್ ಪೇಸ್ಟ್ ಒಣಗಿರಬಹುದು. ಅದನ್ನು ಮನೆಯಲ್ಲೇ ಬದಲಿಸಬಹುದು. ನಮ್ಮಲ್ಲಿ ತುಂಬಾ ಮನೆಗಳಲ್ಲಿರುವ ಎಎಂ4 ಸಾಕೆಟ್‌ನ (ಸಾಕೆಟ್ ಅಂದರೆ ಮದರ್‌ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗ) ಎಎಂಡಿ ರೈಜನ್ ಡೆಸ್ಕ್‌ಟಾಪನ್ನೇ ಇಲ್ಲಿ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಪ್ರೊಸೆಸರ್‌ನ ಮುಚ್ಚಳ, ಕೂಲರ್‌ನ ತಳ ಎರಡೂ ನುಣುಪಾಗಿ ಕಾಣುತ್ತವೆ. ಆದರೆ ಎರಡರಲ್ಲೂ ಕಣ್ಣಿಗೆ ಕಾಣದ ತಗ್ಗು ದಿಣ್ಣೆಗಳಿವೆ. ಅಲ್ಲಿ ಗಾಳಿ ಸಿಕ್ಕಿಕೊಂಡರೆ ಶಾಖ ಸರಿಯಾಗಿ ದಾಟುವುದಿಲ್ಲ. ಪೇಸ್ಟ್ ಆ ಗಾಳಿಯ ಜಾಗ ತುಂಬುತ್ತದೆ. ಶಾಖ ಸಾಗಿಸುವ ಅಳತೆಯಲ್ಲಿ ಗಾಳಿಗೆ ಸುಮಾರು 0.026 ಅಂಕ, ತಾಮ್ರಕ್ಕೆ ಸುಮಾರು 400. ಒಳ್ಳೆಯ ಪೇಸ್ಟ್‌ಗೆ 10ರ ಆಸುಪಾಸು. ಅಂದರೆ ಪೇಸ್ಟ್ ಗಾಳಿಗಿಂತ ಎಷ್ಟೋ ಮೇಲು, ಲೋಹಕ್ಕಿಂತ ತುಂಬಾ ಕಡಿಮೆ. ಅದಕ್ಕೇ ಪದರ ತೆಳುವಾಗಿರಬೇಕು.

ಆಯ್ಕೆಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಆರ್ಕ್ಟಿಕ್ ಎಂಎಕ್ಸ್-4, ನಾಕ್ಟುವಾ ಎನ್‌ಟಿ-ಎಚ್1 ತರಹದವು ಸಾಕು. ದುಬಾರಿ ಪೇಸ್ಟ್‌ನಿಂದ ಸಿಗುವುದು ಕೆಲವೇ ಡಿಗ್ರಿ ಲಾಭ. ಲಿಕ್ವಿಡ್ ಮೆಟಲ್ (ಪೇಸ್ಟ್ ಬದಲು ಬಳಸುವ ದ್ರವ ಲೋಹ) ಮಾತ್ರ ಹೊಸಬರಿಗೆ ಬೇಡವೇ ಬೇಡ. ಅದರಲ್ಲಿ ವಿದ್ಯುತ್ ಹರಿಯುತ್ತದೆ, ಅದರೊಳಗಿನ ಗ್ಯಾಲಿಯಂ ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತದೆ. ಟೂತ್‌ಪೇಸ್ಟ್ ಹಚ್ಚುವ ಸಲಹೆಯನ್ನೂ ಕೇಳಬೇಡಿ, ಅದರ ನೀರು ಬೇಗ ಆರಿಹೋಗುತ್ತದೆ.

ಎಲ್ಲಕ್ಕಿಂತ ಹುಷಾರಾಗಿರಬೇಕಾದ್ದು ಹಳೆ ಕೂಲರ್ ಬಿಚ್ಚುವಾಗ. ಮೊದಲು ಕಂಪ್ಯೂಟರನ್ನು ಹತ್ತು ನಿಮಿಷ ಓಡಿಸಿ, ಪೇಸ್ಟ್ ಬೆಚ್ಚಗಾಗಿ ಮೆದುವಾಗಲಿ. ಆಮೇಲೆ ಆಫ್ ಮಾಡಿ, ಪ್ಲಗ್ ಕಿತ್ತು, ಫ್ಯಾನ್ ವೈರ್ ತೆಗೆದು, ಸ್ಕ್ರೂ ಅಥವಾ ಕ್ಲಿಪ್ ಬಿಚ್ಚಿ. ಕೂಲರನ್ನು ನೇರವಾಗಿ ಎಳೆಯಬೇಡಿ. ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿ, ಸಡಿಲವಾದ ಮೇಲೆ ಎತ್ತಿ. ಎಎಂ4 ಪ್ರೊಸೆಸರ್‌ನ ಅಡಿಯಲ್ಲಿ 1331 ಪಿನ್‌ಗಳಿವೆ. ಒಣಗಿದ ಪೇಸ್ಟ್‌ಗೆ ಅಂಟಿಕೊಂಡು ಪ್ರೊಸೆಸರ್ ಸಾಕೆಟ್‌ನಿಂದ ಕಿತ್ತು ಬಂದರೆ ಅವು ಬಾಗಬಹುದು. ಎಎಂಡಿಯ ಹೊಸ ಸಾಕೆಟ್ ಎಎಂ5 ಮತ್ತು ಈಗಿನ ಇಂಟೆಲ್‌ಗಳಲ್ಲಿ ಲೋಹದ ಚೌಕಟ್ಟು ಪ್ರೊಸೆಸರನ್ನು ಹಿಡಿದಿರುವುದರಿಂದ ಈ ಭಯ ಕಡಿಮೆ.

ಶೇಕಡ 90ಕ್ಕಿಂತ ಹೆಚ್ಚು ಶುದ್ಧವಾದ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನೂಲು ಬಿಡದ ಬಟ್ಟೆ ಅದ್ದಿ ಎರಡೂ ಕಡೆ ಒರೆಸಿ. ಆರಲು ಬಿಡಿ. ಆಮೇಲೆ ಬೆರಳು ತಾಕಿಸಬೇಡಿ, ಚರ್ಮದ ಎಣ್ಣೆ ಅಂಟುತ್ತದೆ.

ಈಗ ಪ್ರೊಸೆಸರ್ ನಡುವೆ ಬಟಾಣಿ ಕಾಳಿಗಿಂತ ತುಸು ಚಿಕ್ಕದಾದ ಹನಿ ಹಾಕಿ. ಹರಡುವುದು ಬೇಡ, ಕೂಲರ್‌ನ ಒತ್ತಡಕ್ಕೆ ತಾನಾಗಿ ಹರಡುತ್ತದೆ. ಇಂಟೆಲ್ 12ನೇ ತಲೆಮಾರಿನಿಂದ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಉದ್ದುದ್ದ ಇವೆ. ಅವಕ್ಕೆ ಉದ್ದಕ್ಕೂ ಒಂದು ಗೆರೆ ಎಳೆದರೆ ಸರಿ. ಹೊಸ ಕೂಲರ್ ಆದರೆ ತಳದ ಪ್ಲಾಸ್ಟಿಕ್ ಹಾಳೆ ಕೀಳಲು ಮರೆಯಬೇಡಿ. ಕಂಪನಿಯೇ ಪೇಸ್ಟ್ ಹಚ್ಚಿ ಕಳಿಸಿದ್ದರೆ ಮತ್ತೆ ಹಚ್ಚಬೇಡಿ.

ಕೂಲರನ್ನು ನೇರವಾಗಿ ಇಳಿಸಿ. ಸ್ಕ್ರೂಗಳನ್ನು ಎದುರು ಮೂಲೆಯಿಂದ ಎದುರು ಮೂಲೆಗೆ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ನಡುವೆ ಎತ್ತಿ ನೋಡಿದರೆ ಗಾಳಿ ಸೇರುತ್ತದೆ. ಎತ್ತಿಬಿಟ್ಟರೆ ಒರೆಸಿ ಹೊಸದಾಗಿ ಹಚ್ಚುವುದೇ ವಾಸಿ.

ಫ್ಯಾನ್ ವೈರ್ ಸಿಕ್ಕಿಸಿ ಆನ್ ಮಾಡಿ. ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗುವ ಮುಂಚೆ ತೆರೆಯಬಹುದಾದ ಸೆಟ್ಟಿಂಗ್ಸ್ ಪರದೆ) ಉಷ್ಣಾಂಶ ನೋಡಿ. ಅಲ್ಲಿ ಸುಮ್ನೆ ನಿಂತಿರುವಾಗಲೇ 80–90 ಡಿಗ್ರಿಗೆ ಏರುತ್ತಿದ್ದರೆ ತಕ್ಷಣ ಆಫ್ ಮಾಡಿ. ಕೂಲರ್ ಸರಿಯಾಗಿ ಕೂತಿಲ್ಲ. ಎಲ್ಲ ಸರಿಯಿದ್ದರೆ ಟ್ಯೂಬಿನ ಮುಚ್ಚಳ ಬಿಗಿಯಾಗಿ ಹಾಕಿ ಎತ್ತಿಡಿ. ಉಷ್ಣಾಂಶ ಮತ್ತೆ ಏರುವ ತನಕ ಪೇಸ್ಟ್ ಬದಲಿಸುವ ಅಗತ್ಯವಿಲ್ಲ.