ನನ್ನ ಅನುಭವ: ಕ್ಲೋರಿನ್ ತಿನ್ನುತ್ತಿದ್ದದ್ದು ಪಟಿಕ

ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಈಜುಕೊಳ ನನ್ನ ಕೈಯಲ್ಲಿದೆ, 1.2 ಲಕ್ಷ ಲೀಟರ್ ಇರಬಹುದು. ಹೋದ ಬೇಸಿಗೆಯಲ್ಲಿ ಎಷ್ಟು ಕ್ಲೋರಿನ್ ಹಾಕಿದರೂ ನಿಲ್ಲಲಿಲ್ಲ. ಮಕ್ಕಳಿಗೆ ಕಣ್ಣುರಿ, ಕೆಮ್ಮು. ದಡದಲ್ಲಿ ನಿಂತರೂ ಘಾಟು. "ಜಾಸ್ತಿ ಹಾಕಿದ್ದೀರ, ಕಡಿಮೆ ಮಾಡಿ" ಅಂದರು ಕಮಿಟಿಯವರು. ಮಾಡಿದೆ, ನೀರು ಹಸಿರಾಯಿತು. ಎರಡು ಸಲ ಅರ್ಧ ಕೊಳ ಖಾಲಿ ಮಾಡಿ ಟ್ಯಾಂಕರ್ ತರಿಸಿದ್ದಕ್ಕೇ 20 ಸಾವಿರದ ಹತ್ತಿರ ಹೋಯಿತು.

ಕ್ಲೋರಿನ್ ಅಳೆಯುವ ಡಿಪಿಡಿ ಮಾತ್ರೆಗಳಲ್ಲಿ, ಫ್ರೀ (ಇನ್ನೂ ಕೆಲಸ ಮಾಡುವ) ಕ್ಲೋರಿನ್ ತೋರಿಸುವ 1ನೇದಕ್ಕೆ ನೀರು ನಸುಗುಲಾಬಿ. ಅದಕ್ಕೇ ಒಟ್ಟು ಕ್ಲೋರಿನ್ ತೋರಿಸುವ 3ನೇದು ಹಾಕಿದರೆ ಬೀಟ್‌ರೂಟ್ ತೊಳೆದ ನೀರಿನ ಬಣ್ಣ. ಇದ್ದದ್ದೆಲ್ಲ ಕ್ಲೋರಮೈನ್, ಅಂದರೆ ಅಮೋನಿಯಾ ಜೊತೆ ಸೇರಿಹೋದ ಕ್ಲೋರಿನ್; ಘಾಟು, ಕಣ್ಣುರಿ ಅದರದ್ದೇ. ಬೆವರು, ಮೂತ್ರದಿಂದಲೇ ಇಷ್ಟು ಅಮೋನಿಯಾ ಬರಲು ಸಾಧ್ಯವೇ ಇಲ್ಲ ಅನ್ನಿಸಿತು.

ನೀರು ತಿಳಿಯಾಗಲೆಂದು ವಾರಕ್ಕೆ 2 ಕೆಜಿ ಪಟಿಕ ಹಾಕುತ್ತಿದ್ದೆ. ಅದರ ಒಂದು ಚೂರು ಪುಡಿ ಮಾಡಿ, ಎಲೆಅಡಿಕೆ ಸುಣ್ಣದ ಜೊತೆ ಬಟ್ಟಲಲ್ಲಿ ಎರಡು ಹನಿ ನೀರು ಬಿಟ್ಟು ಕಲಸಿದೆ. ಕೊಟ್ಟಿಗೆಯ ಗಂಜಲದ ಘಾಟು ಮೂಗಿಗೆ ಬಡಿಯಿತು. ಅಮೋನಿಯಾ ಪಟಿಕ! ಕ್ಲೋರಿನ್‌ಗೆ ಶತ್ರುವನ್ನು ನಾನೇ ಕೈಯಾರೆ ಸುರಿಯುತ್ತಿದ್ದೆ.

ಆ ಮೂಟೆ ವಾಪಸ್ ಕೊಟ್ಟೆ. ಪಿಎಚ್ 7.4ಕ್ಕೆ ತಂದು ಬ್ರೇಕ್‌ಪಾಯಿಂಟ್ (ಕ್ಲೋರಮೈನ್ ಪೂರ್ತಿ ಒಡೆಯುವಷ್ಟು ಕ್ಲೋರಿನ್ ಒಮ್ಮೆಗೇ ಹಾಕುವುದು) ಮಾಡುತ್ತೇನೆ ಅಂದಾಗ ಸಾಮಾನು ಕೊಡುವವರೇ ನಕ್ಕರು: "ಘಾಟಿರೋ ನೀರಿಗೆ ಇನ್ನೂ ಕ್ಲೋರಿನ್ನಾ?" ಹೆದರಿ ಮೊದಲ ರಾತ್ರಿ ಹೈಪೋ (ಕ್ಯಾಲ್ಸಿಯಂ ಹೈಪೋಕ್ಲೋರೈಟ್, ಕೊಳಕ್ಕೆ ಹಾಕುವ ಕ್ಲೋರಿನ್) ಒಂದೂವರೆ ಕೆಜಿ ಹಾಕಿದೆ, ಘಾಟು ಎರಡರಷ್ಟಾಯಿತು. ಅರೆಬರೆ ಹಾಕಿದರೆ ಹಾಗೇ. ಕಂಬೈನ್ಡ್, ಅಂದರೆ ಕ್ಲೋರಮೈನ್ ಆಗಿದ್ದ ಕ್ಲೋರಿನ್, ಲೀಟರಿಗೆ 1.5 ಮಿಗ್ರಾಂ ಇತ್ತು, ಅದರ ಹತ್ತರಷ್ಟು ಕ್ಲೋರಿನ್ ಬೇಕು. ಮರುರಾತ್ರಿ ಕೊಳ ಮುಚ್ಚಿಸಿ 65%ನ ಹೈಪೋ 3 ಕೆಜಿಯಷ್ಟು ಹಾಕಿದೆ. ಬೆಳಿಗ್ಗೆ 1ನೇ ಮಾತ್ರೆಗೂ 3ನೇದಕ್ಕೂ ಒಂದೇ ಬಣ್ಣ, ಘಾಟು ಮಾಯ. ಖರ್ಚು ಸಾವಿರ ರೂಪಾಯಿಯೊಳಗೆ. ಫ್ರೀ ಕ್ಲೋರಿನ್ 3ಕ್ಕೆ ಇಳಿಯುವವರೆಗೆ ಯಾರನ್ನೂ ಇಳಿಸಲಿಲ್ಲ.

ಲಕ್ಷ ಲೀಟರಿನಲ್ಲಿ ಕಣ್ಣುರಿ ತರುವುದು ಬಕೆಟ್ಟಿನಲ್ಲಿ ಉಸಿರನ್ನೇ ಕಟ್ಟಿಸುತ್ತದೆ. ನಮ್ಮ ಹುಡುಗ ಅಮೋನಿಯಾ ಇರುವ ಗಾಜಿನ ಕ್ಲೀನರ್ ಉಳಿದಿದ್ದ ಬಕೆಟ್ಟಿಗೇ ಬ್ಲೀಚ್ ಸುರಿದ. ಕ್ಷಣದಲ್ಲಿ ಅವನಿಗೆ ಕೆಮ್ಮು, ಕಣ್ಣೀರು, ಎದೆ ಹಿಡಿದುಕೊಂಡ. ರಟ್ಟೆ ಹಿಡಿದು ಬಯಲಿಗೆ ಎಳೆದು ತಂದು, ನೇರ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಬಕೆಟ್ ಎತ್ತಲು ಒಳಗೆ ಯಾರನ್ನೂ ಬಿಡಲಿಲ್ಲ. ಎರಡು ದಿನ ಕೆಮ್ಮಿದ.

ತೋಟದ ಯೂರಿಯಾ, ಅಮೋನಿಯಂ ಸಲ್ಫೇಟ್ ಮೂಟೆಗಳೂ ಆಗ ಹೈಪೋ ಡ್ರಮ್ಮಿಗೆ ಒರಗಿಕೊಂಡೇ ಇದ್ದವು. ಈಗ ಅವು ಗೇಟಿನ ಆಚೆಯ ಶೆಡ್ಡಿನಲ್ಲಿವೆ. ಹೈಪೋಗೆ ನೀಲಿ ಮಗ್, ಟಿಸಿಸಿಎಗೆ (ಇನ್ನೊಂದು ಬಗೆಯ ಕ್ಲೋರಿನ್) ಕೆಂಪು ಮಗ್, ಅವೆರಡೂ ಒಂದನ್ನೊಂದು ಮುಟ್ಟಕೂಡದು. ಪಟಿಕದ ಹೊಸ ಮೂಟೆ ಬಂದರೆ ಸುಣ್ಣದ ಬಟ್ಟಲು ತರುವುದು ಈಗ ಆ ಹುಡುಗನೇ.