ತಾತ್ಕಾಲಿಕ ವಿಳಾಸದಲ್ಲಿ ಬಂದೂಕು ಕೊಳ್ಳುವ ಮುನ್ನ

ಅಮೆರಿಕದಲ್ಲಿ ಪ್ರಾಜೆಕ್ಟಿನ ನಿಮಿತ್ತ ಕೆಲವು ತಿಂಗಳ ಮಟ್ಟಿಗೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗಿ ನೆಲೆಸುವ ನಮ್ಮವರು, ಅದರಲ್ಲೂ ನ್ಯೂಜೆರ್ಸಿ, ಇಲಿನಾಯ್, ಕ್ಯಾಲಿಫೋರ್ನಿಯಾಗಳಂಥ ಬಿಗಿ ಕಾನೂನಿನ ರಾಜ್ಯಗಳಿಂದ ಟೆಕ್ಸಸ್‌ಗೋ ಅರಿಜೋನಾಕ್ಕೋ ಬಂದವರು, ಅಂಗಡಿಯ ಗಾಜಿನ ಕಪಾಟಿನಲ್ಲಿ ಸಾಲಾಗಿ ಜೋಡಿಸಿಟ್ಟ ಪಿಸ್ತೂಲುಗಳನ್ನು ಕಂಡು, ಹಣ ಕೊಟ್ಟರೆ ಇಲ್ಲಿ ಯಾರಿಗಾದರೂ ಸಿಗುತ್ತದೆಂದು ಭಾವಿಸುತ್ತಾರೆ. ಭಾರತೀಯರ ಮನೆಯಲ್ಲಿ ಚಿನ್ನವಿರುತ್ತದೆ ಎಂಬುದು ಇಲ್ಲಿನ ಕಳ್ಳರಿಗೂ ಗೊತ್ತಿರುವುದರಿಂದ, ಆತ್ಮರಕ್ಷಣೆಯ ಚಿಂತೆ ಸಹಜವಾದದ್ದೇ. ಬಂದೂಕು ಇಟ್ಟುಕೊಳ್ಳಬೇಕೋ ಬೇಡವೋ ಎಂಬ ಚರ್ಚೆಯನ್ನು ನಾನಿಲ್ಲಿ ಎತ್ತುವುದಿಲ್ಲ; ಅದು ಅವರವರ ಮನೆಯಲ್ಲಿ ಗಂಡ ಹೆಂಡತಿ ಕೂತು ತೀರ್ಮಾನಿಸಬೇಕಾದ ವಿಷಯ. ಆದರೆ ಕೊಳ್ಳಲು ಹೊರಟವರಿಗೆ ಈ ದೇಶದ ಕಾಯ್ದೆ ಮೊದಲು ಕೇಳುವುದು ಎರಡೇ ಪ್ರಶ್ನೆ. ನೀವು ಇಲ್ಲಿ ಯಾವ ಹಕ್ಕಿನಿಂದ ಇದ್ದೀರಿ, ಮತ್ತು ನಿಮ್ಮ ಮನೆ ಯಾವ ರಾಜ್ಯದಲ್ಲಿದೆ? ನಮ್ಮಲ್ಲಿ ಬಹುಪಾಲು ಜನ ಈ ಎರಡಕ್ಕೂ ತಡವರಿಸದೆ ಉತ್ತರ ಹೇಳಲಾರರು.

ಮೊದಲು ವೀಸಾದ ಮಾತು. ನೌಕರಿಯ ಎಚ್-1ಬಿ ಮತ್ತು ಎಲ್-1, ಎಚ್-1ಬಿಯವರ ಕುಟುಂಬದ ಎಚ್-4, ವಿದ್ಯಾರ್ಥಿಗಳ ಎಫ್-1, ಮಕ್ಕಳನ್ನು ನೋಡಲು ಬರುವ ಅಪ್ಪ ಅಮ್ಮಂದಿರ ಬಿ-2, ಇವೆಲ್ಲವೂ ವಲಸೆಯೇತರ, ಅಂದರೆ ಕಾಯಂ ವಾಸದ ಹಕ್ಕು ಕೊಡದ ವೀಸಾಗಳು. ಇಂಥ ವೀಸಾದ ಮೇಲೆ ಬಂದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಕೊಳ್ಳುವುದಷ್ಟೇ ಅಲ್ಲ, ವಶದಲ್ಲಿ ಇಟ್ಟುಕೊಳ್ಳುವುದನ್ನೂ ಕೇಂದ್ರದ ಕಾನೂನು ನಿಷೇಧಿಸುತ್ತದೆ. 2022ರ ತಿದ್ದುಪಡಿಯ ನಂತರ ಇದಕ್ಕೆ ಹದಿನೈದು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ವಶವೆಂದರೆ ಮನೆಯ ಬೀರುವಿನಲ್ಲಿ ಇಡುವುದು ಮಾತ್ರವಲ್ಲ. ಶೂಟಿಂಗ್ ರೇಂಜಿನಲ್ಲಿ ಬಾಡಿಗೆಗೆ ಕೊಟ್ಟ ಪಿಸ್ತೂಲನ್ನು ಅರ್ಧ ಗಂಟೆ ಕೈಯಲ್ಲಿ ಹಿಡಿದರೂ ಅದು ವಶವೇ. ಟೀಮ್ ಔಟಿಂಗ್ ಎಂದು ಇಡೀ ತಂಡವನ್ನು ರೇಂಜಿಗೆ ಕರೆದೊಯ್ಯುವ ಮ್ಯಾನೇಜರಿಗೆ ಇದು ತಿಳಿದಿರುವುದಿಲ್ಲ. ನಮ್ಮ ಹುಡುಗರಂತೂ ಗುರಿಹಲಗೆಯ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡು, ತಮ್ಮ ವಿರುದ್ಧದ ಸಾಕ್ಷಿಯನ್ನು ತಾವೇ ಊರಿಗೆಲ್ಲ ಹಂಚುತ್ತಾರೆ.

ಇದು ಕಾಗದದ ಮೇಲಿನ ಬೆದರಿಕೆಯಷ್ಟೇ ಎನ್ನುವವರು ರೆಹೈಫ್ ಪ್ರಕರಣವನ್ನು ಗಮನಿಸಬೇಕು. ವಿದ್ಯಾರ್ಥಿ ವೀಸಾದಲ್ಲಿ ಫ್ಲಾರಿಡಾಕ್ಕೆ ಬಂದಿದ್ದ ಯುವಕನೊಬ್ಬ ಅಂಕಗಳು ಸಾಲದೆ ವಿಶ್ವವಿದ್ಯಾಲಯದಿಂದ ಹೊರಬಿದ್ದು, ಆಮೇಲೆ ರೇಂಜಿಗೆ ಹೋಗಿ ಗುಂಡು ಹಾರಿಸಿದ. ಅಕ್ರಮ ವಾಸಿಯಾಗಿ ಬಂದೂಕು ಹಿಡಿದನೆಂಬ ಆರೋಪದ ಮೇಲೆ ಅವನಿಗೆ ಶಿಕ್ಷೆಯಾಯಿತು. 2019ರಲ್ಲಿ ಸುಪ್ರೀಂ ಕೋರ್ಟು, ತನಗೆ ಇಲ್ಲಿರುವ ಹಕ್ಕು ತಪ್ಪಿಹೋಗಿದೆ ಎಂಬುದು ಆರೋಪಿಗೆ ಗೊತ್ತಿತ್ತೆಂದು ಸರ್ಕಾರ ಸಾಬೀತುಪಡಿಸಬೇಕು ಎಂದು ಹೇಳಿ, ಆ ಶಿಕ್ಷೆಯನ್ನು ತಳ್ಳಿಹಾಕಿತು. ತತ್ತ್ವದ ಮಟ್ಟದಲ್ಲಿ ಅವನು ಗೆದ್ದ ಎನ್ನಬಹುದು. ಆದರೆ ಒಂದು ಮಧ್ಯಾಹ್ನದ ಮೋಜಿಗಾಗಿ ದೇಶದ ಅತ್ಯುನ್ನತ ನ್ಯಾಯಾಲಯದ ಮೆಟ್ಟಿಲು ಹತ್ತುವಷ್ಟು ದುಡ್ಡು, ತಾಳ್ಮೆ ನಮ್ಮಲ್ಲಿ ಯಾರಿಗಿದೆ?

ಈ ನಿಷೇಧಕ್ಕೆ ಒಂದು ವಿನಾಯಿತಿ ಉಂಟು. ಅಮೆರಿಕದ ಯಾವುದಾದರೂ ರಾಜ್ಯ ಕ್ರಮಬದ್ಧವಾಗಿ ಕೊಟ್ಟ, ಅವಧಿ ಮುಗಿಯದ ಬೇಟೆಯ ಲೈಸೆನ್ಸ್ ಕೈಯಲ್ಲಿದ್ದರೆ ಎಚ್-1ಬಿಯವರೂ ಬಂದೂಕು ಕೊಳ್ಳಬಹುದು. ಹೀಗಾಗಿ ಮೊಟ್ಟೆಯ ವಾಸನೆಯನ್ನೂ ಸಹಿಸದ ಮನೆಗಳಿಂದ ಬಂದವರು ಜಿಂಕೆ ಬೇಟೆಯ ಲೈಸೆನ್ಸ್ ಮಾಡಿಸಿಕೊಂಡು ಓಡಾಡುವ ವಿಚಿತ್ರವನ್ನು ನಾನು ಕಂಡಿದ್ದೇನೆ. ಅದರಲ್ಲಿ ಕಾನೂನಿನ ದೋಷವಿಲ್ಲ. ಆದರೆ ಲೈಸೆನ್ಸಿನ ಅವಧಿ ಮುಗಿದ ದಿನದಿಂದ ಮನೆಯಲ್ಲಿರುವ ಬಂದೂಕು ಅಪರಾಧದ ವಸ್ತುವಾಗುತ್ತದೆ ಎಂಬುದನ್ನು ಮರೆತು, ಇನ್ಶೂರೆನ್ಸ್ ನವೀಕರಣವನ್ನು ಮುಂದೂಡುವ ಹಾಗೆ ಇದನ್ನೂ ಮುಂದೂಡುವವರನ್ನು ನೋಡಿದಾಗ ಗಾಬರಿಯಾಗುತ್ತದೆ. ವೀಸಾದಲ್ಲಿ ಇರುವಷ್ಟು ಕಾಲ ಇದರ ಸಹವಾಸ ಬೇಡವೆಂಬುದೇ ನನ್ನ ಸಲಹೆ. ಹಾಗಿದ್ದೂ ಹೊರಡುವವರು ಅಂಗಡಿಯವನ ಮಾತಿನ ಮೇಲೆ ಹೋಗದೆ ವಲಸೆ ವಕೀಲರ ಅಭಿಪ್ರಾಯ ಪಡೆಯಲಿ.

ಇನ್ನು ಗ್ರೀನ್ ಕಾರ್ಡ್ ಸಿಕ್ಕವರು ಮತ್ತು ಪೌರರಾದವರು. ಇವರಿಗೆ ಮೊದಲ ಪ್ರಶ್ನೆಯ ಕಾಟವಿಲ್ಲ, ಎರಡನೆಯದರದೇ ಎಲ್ಲ ಕಾಟ. 1968ರ ಗನ್ ಕಂಟ್ರೋಲ್ ಕಾಯ್ದೆಯ ಪ್ರಕಾರ ಪಿಸ್ತೂಲು, ರಿವಾಲ್ವರುಗಳನ್ನು ನೀವು ನಿವಾಸಿಯಾಗಿರುವ ರಾಜ್ಯದಲ್ಲಿ ಮಾತ್ರ ಪಡೆಯಲು ಸಾಧ್ಯ. ರೈಫಲ್ ಮತ್ತು ಶಾಟ್‌ಗನ್‌ಗಳನ್ನು ಬೇರೆ ರಾಜ್ಯದ ಲೈಸೆನ್ಸ್ ಇರುವ ಡೀಲರನಿಂದ, ಎದುರಿಗೆ ನಿಂತು, ಎರಡೂ ರಾಜ್ಯಗಳ ಕಾನೂನಿಗೆ ಒಪ್ಪುವಂತಿದ್ದರೆ ಕೊಳ್ಳಬಹುದು. ನಿವಾಸಿ ಎಂದರೆ ಯಾರು? ಮನೆ ಮಾಡಿಕೊಂಡು ಇರುವ ಉದ್ದೇಶದಿಂದ ಒಂದು ರಾಜ್ಯದಲ್ಲಿ ಇರುವವನು. ಕೆಲಸದ ಮೇಲೆ ಬೇರೆ ರಾಜ್ಯಕ್ಕೆ ಹೋದ ಮಾತ್ರಕ್ಕೆ ಯಾರೂ ಅಲ್ಲಿಯ ನಿವಾಸಿಯಾಗುವುದಿಲ್ಲ. ಎರಡು ರಾಜ್ಯಗಳಲ್ಲಿ ಎರಡು ಮನೆಗಳಿದ್ದು, ಬೇಸಿಗೆ ಒಂದರಲ್ಲಿ ಉಳಿದ ಕಾಲ ಇನ್ನೊಂದರಲ್ಲಿ ಕಳೆಯುವವನು ಮಾತ್ರ ಎಲ್ಲಿ ವಾಸವಾಗಿದ್ದಾನೋ ಆ ಹೊತ್ತಿಗೆ ಅಲ್ಲಿಯ ನಿವಾಸಿ. ಬೇರೆ ರಾಜ್ಯದ ಕಾಲೇಜಿನಲ್ಲಿ ಹಾಸ್ಟೆಲಿನಲ್ಲೋ ಬಾಡಿಗೆ ಕೋಣೆಯಲ್ಲೋ ಇರುವ ಮಕ್ಕಳಿಗೂ ಇದೇ ನ್ಯಾಯ ಅನ್ವಯಿಸುತ್ತದೆ. ಕಾಲೇಜಿನ ಸ್ವಂತ ನಿಯಮಗಳು ಬೇರೆಯೇ ಇರುತ್ತವೆ.

ಈ ಸೂಕ್ಷ್ಮವನ್ನು ಓದದೆ ಅಂಗಡಿಗೆ ಹೋದವನು ನಾನು. ಸಂಸಾರವನ್ನು ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಬಿಟ್ಟು, ಡಲ್ಲಾಸ್ ಬಳಿಯ ಅರ್ವಿಂಗ್‌ನಲ್ಲಿ ಅಪಾರ್ಟ್‌ಮೆಂಟ್ ಹಿಡಿದಿದ್ದ ಕಾಲವದು. ಜೇಬಿನಲ್ಲಿ ಗ್ರೀನ್ ಕಾರ್ಡ್ ಇತ್ತು, ನ್ಯೂಜೆರ್ಸಿಯ ಡ್ರೈವಿಂಗ್ ಲೈಸೆನ್ಸ್ ಇತ್ತು, ಬಾಡಿಗೆ ಕರಾರಿನ ಪ್ರತಿಯೂ ಇತ್ತು. ಡೀಲರ್ ಲೈಸೆನ್ಸನ್ನು ತಿರುಗಿಸಿ ನೋಡಿ, ಪಿಸ್ತೂಲು ಕೊಡಲಾಗದು ಎಂದ. ಕರಾರನ್ನು ಮುಂದಿಟ್ಟೆ, ಅದು ಖಾಸಗಿ ಪತ್ರ, ಸರ್ಕಾರ ಕೊಟ್ಟದ್ದಲ್ಲ ಎಂದ. ನಾನು ದನಿಯೇರಿಸಿದೆ. ನನ್ನ ಮೈಬಣ್ಣ ಕಂಡೇ ಹೀಗೆ ಮಾಡುತ್ತಿದ್ದೀರಿ ಎಂಬರ್ಥದ ಮಾತನ್ನೂ ಆಡಿಬಿಟ್ಟೆ. ಅವನು ಮರುಮಾತಾಡದೆ, ಡೀಲರನಿಂದ ಬಂದೂಕು ಕೊಳ್ಳುವವರು ತುಂಬಬೇಕಾದ ಕೇಂದ್ರದ ಫಾರಂ 4473ರ ಹಿಂಬದಿಯ ಸೂಚನೆಗಳನ್ನು ನನ್ನ ಕಡೆ ತಿರುಗಿಸಿದ. ಅಂಥ ಅಂಗಡಿಯಲ್ಲಿ ನನ್ನ ಹಿಂದೆ ಸಾಲಿನಲ್ಲಿ ನಿಂತಿದ್ದವರೆಲ್ಲರೂ ಶಾಂತವಾಗಿದ್ದು, ಕೂಗಾಡುತ್ತಿದ್ದವನು ನಾನೊಬ್ಬನೇ ಆಗಿದ್ದೆ ಎಂಬುದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ಇಲ್ಲಿಯ ವಿಳಾಸಕ್ಕೆ ಹೊಂದಿಕೆಯಾಗದ ಕಾರ್ಡನ್ನು ನಂಬಿ ಅವನು ಮಾರಿದ್ದರೆ ಅವನ ಲೈಸೆನ್ಸಿಗೂ ಕುತ್ತು, ನನ್ನ ಗ್ರೀನ್ ಕಾರ್ಡಿಗೂ ಕುತ್ತು. ನನ್ನನ್ನು ಅವನು ಉಳಿಸಿದ್ದ.

ಆಗ ಗೆಳೆಯರೊಬ್ಬರು ಕೊಟ್ಟ ಉಪಾಯ, ಅದೇ ಕರಾರನ್ನು ತೋರಿಸಿ ಟೆಕ್ಸಸ್‌ನ ಡ್ರೈವಿಂಗ್ ಲೈಸೆನ್ಸ್ ಮಾಡಿಸಿಕೊಳ್ಳಿ ಎಂಬುದು. ನಿಜವಾಗಿ ಮನೆ ಬದಲಿಸಿದವರು ಹಾಗೆ ಮಾಡುವುದೇ ಸರಿ. ಆದರೆ ಹೊಸ ಲೈಸೆನ್ಸ್ ಪಡೆದಾಗ ಹಳೆಯದನ್ನು ಒಪ್ಪಿಸಬೇಕು, ಕಾರಿನ ನೋಂದಣಿ, ವಿಮೆ, ತೆರಿಗೆ ಎಲ್ಲವೂ ಅದರ ಹಿಂದೆ ಬರುತ್ತವೆ. ಹೆಂಡತಿ ಮಕ್ಕಳು ಎಡಿಸನ್‌ನಲ್ಲಿ ಇರುವಾಗ, ಶನಿವಾರ ಬಂತೆಂದರೆ ವಿಮಾನ ಹತ್ತಿ ಅಲ್ಲಿಗೇ ಓಡುವವನು, ನನ್ನ ಮನೆ ಅರ್ವಿಂಗ್ ಎಂದು ಸಹಿ ಹಾಕುವುದು ಹೇಗೆ? ಫಾರಂ 4473ರಲ್ಲಿ ಬಂದೂಕು ಪಡೆಯುವ ಸಲುವಾಗಿ ಬರೆದ ಸುಳ್ಳಿಗೆ ಹತ್ತು ವರ್ಷದವರೆಗಿನ ಸೆರೆಯಿದೆ. ಈ ನಿರ್ಬಂಧವೇ ಅನ್ಯಾಯವೆಂದು ವಾಷಿಂಗ್ಟನ್ ಡಿ.ಸಿ.ಯ ದಂಪತಿಯೊಬ್ಬರು ಟೆಕ್ಸಸ್‌ನ ಡೀಲರನೊಡನೆ ಸೇರಿ ಮೊಕದ್ದಮೆ ಹೂಡಿದ್ದರು. 2018ರಲ್ಲಿ ಮ್ಯಾನ್ಸ್ ಪ್ರಕರಣದಲ್ಲಿ ಐದನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ಕಾನೂನನ್ನೇ ಎತ್ತಿಹಿಡಿಯಿತು. ಆದ್ದರಿಂದ ಉಳಿದ ನೇರ ದಾರಿಯೆಂದರೆ, ಬೇರೆ ರಾಜ್ಯದಲ್ಲಿ ಮೆಚ್ಚಿದ ಪಿಸ್ತೂಲನ್ನು ನಿಮ್ಮ ಸ್ವಂತ ರಾಜ್ಯದ ಡೀಲರಿಗೆ ಕಳುಹಿಸಿಕೊಂಡು, ಅಲ್ಲಿಯ ಕಾನೂನಿನಂತೆ ಅಲ್ಲೇ ಪಡೆಯುವುದು.

ಕಾಗದಪತ್ರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ: ಈಗಿನ ವಿಳಾಸವಿರುವ ಸರ್ಕಾರಿ ಫೋಟೋ ಗುರುತಿನ ಚೀಟಿ, ವಿಳಾಸ ಬದಲಾಗಿದ್ದರೆ ವಾಹನ ನೋಂದಣಿಯಂಥ ಇನ್ನೊಂದು ಸರ್ಕಾರಿ ಪತ್ರ, ಗ್ರೀನ್ ಕಾರ್ಡಿನವರಿಗೆ ಅದರ ಮೇಲಿನ ಎ-ನಂಬರ್ ಎಂಬ ವಲಸೆ ಗುರುತಿನ ಸಂಖ್ಯೆ, ಮತ್ತು 1998ರಿಂದ ನಡೆದುಬಂದಿರುವ ಹಿನ್ನೆಲೆ ಪರಿಶೀಲನೆ. ಇದರ ಮೇಲೆ ರಾಜ್ಯಗಳ ಸ್ವಂತ ಷರತ್ತುಗಳಿವೆ: ನ್ಯೂಜೆರ್ಸಿಯಲ್ಲಿ ಪ್ರತಿ ಹ್ಯಾಂಡ್‌ಗನ್‌ಗೂ ಪ್ರತ್ಯೇಕ ಪರ್ಮಿಟ್, ಇಲಿನಾಯ್‌ನಲ್ಲಿ ಬಂದೂಕು ಹೊಂದುವವರ ಗುರುತಿನ ಚೀಟಿಯಾದ ಫಾಯ್ಡ್ ಕಾರ್ಡ್, ಕ್ಯಾಲಿಫೋರ್ನಿಯಾದಲ್ಲಿ ಸುರಕ್ಷತಾ ಪರೀಕ್ಷೆ ಹಾಗೂ ಹತ್ತು ದಿನದ ಕಾಯುವಿಕೆ.

ನಮ್ಮ ಊರಿನ ಒಂದು ಅಭ್ಯಾಸವನ್ನು ಮಾತ್ರ ಇಲ್ಲಿಗೆ ತರಬೇಡಿ. ತಮ್ಮನ ಹೆಸರಿನಲ್ಲಿ ಸಿಮ್, ಭಾವನ ಹೆಸರಿನಲ್ಲಿ ಸೈಟು, ಅತ್ತಿಗೆಯ ಹೆಸರಿನಲ್ಲಿ ಗ್ಯಾಸ್ ಸಂಪರ್ಕ ಎಂದು ಬೆಳೆದವರು ನಾವು. ನಿಮಗೆ ಪೌರತ್ವ ಇದೆಯಲ್ಲ ಅಣ್ಣಾ, ನಿಮ್ಮ ಹೆಸರಿನಲ್ಲಿ ಒಂದು ತೆಗೆದುಕೊಡಿ, ದುಡ್ಡು ಕೊಡುತ್ತೇನೆ ಎಂದು ಕೇಳುವುದರಲ್ಲಿ ನಮಗೆ ತಪ್ಪೇ ಕಾಣುವುದಿಲ್ಲ. ವರ್ಜೀನಿಯಾದಲ್ಲಿದ್ದ ಮಾಜಿ ಪೊಲೀಸ್ ಅಬ್ರಾಮ್ಸ್ಕಿ ಪೆನ್ಸಿಲ್ವೇನಿಯಾದಲ್ಲಿದ್ದ ತನ್ನ ಅಂಕಲ್‌ಗಾಗಿ ಇದನ್ನೇ ಮಾಡಿದ. ಆ ಅಂಕಲ್ ಬಂದೂಕು ಹೊಂದಲು ಸಂಪೂರ್ಣ ಅರ್ಹರಾಗಿದ್ದರು, ಕೊನೆಗೆ ಡೀಲರನ ಮೂಲಕವೇ ಪಡೆದರು. ಆದರೂ ನಿಜವಾದ ಖರೀದಿದಾರ ನಾನೇ ಎಂದು ಫಾರಂನಲ್ಲಿ ಬರೆದದ್ದು ಸುಳ್ಳೆಂದು 2014ರಲ್ಲಿ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕು ಮತಗಳಿಂದ ಶಿಕ್ಷೆಯನ್ನು ಖಾಯಂ ಮಾಡಿತು. ನಿಮ್ಮದೇ ದುಡ್ಡಿನಲ್ಲಿ ಪ್ರೀತಿಯಿಂದ ಕೊಡುವ ಉಡುಗೊರೆ ಬೇರೆ. ಆದರೆ ಅದು ರಾಜ್ಯದ ಗಡಿ ದಾಟುವುದಾದರೆ ಮತ್ತೆ ಡೀಲರನ ಮೂಲಕವೇ ದಾಟಬೇಕು.

ಪ್ರಾಜೆಕ್ಟ್ ಮುಗಿದು ಹಿಂದಿರುಗುವಾಗ ಇನ್ನೊಂದು ತೊಡಕು ಕಾದಿರುತ್ತದೆ. ಟೆಕ್ಸಸ್‌ನಲ್ಲಿ ಸಕ್ರಮವಾಗಿದ್ದ ಬಂದೂಕು, ಮ್ಯಾಗಜೀನ್ ಹತ್ತಕ್ಕಿಂತ ಹೆಚ್ಚು ಗುಂಡು ಹಿಡಿಯುತ್ತದೆ ಎಂಬ ಒಂದೇ ಕಾರಣಕ್ಕೆ ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಅಕ್ರಮವಾಗಬಹುದು. ಹೊರಟ ಜಾಗ, ಸೇರುವ ಜಾಗ ಎರಡರಲ್ಲೂ ಸಕ್ರಮವಾಗಿದ್ದರೆ, ಗುಂಡು ತೆಗೆದು, ಬೀಗ ಹಾಕಿ, ಕೈಗೆಟುಕದಂತೆ ಇಟ್ಟುಕೊಂಡು ನಡುವಿನ ರಾಜ್ಯಗಳನ್ನು ದಾಟಲು 1986ರ ಕಾನೂನು ರಕ್ಷಣೆ ಕೊಡುತ್ತದೆ. ಆ ರಕ್ಷಣೆ ಎಷ್ಟು ತೆಳುವೆಂಬುದು 2005ರಲ್ಲಿ ಯೂಟಾದಿಂದ ಪೆನ್ಸಿಲ್ವೇನಿಯಾಕ್ಕೆ ಹೊರಟಿದ್ದ ಪ್ರಯಾಣಿಕನೊಬ್ಬನಿಗೆ ತಿಳಿಯಿತು. ನ್ಯೂಜೆರ್ಸಿಯ ನ್ಯೂವರ್ಕ್ ವಿಮಾನ ನಿಲ್ದಾಣದಲ್ಲಿ ಮುಂದಿನ ವಿಮಾನ ತಪ್ಪಿ, ಲಗೇಜು ಪಡೆದು ರಾತ್ರಿ ಹೋಟೆಲಿನಲ್ಲಿ ತಂಗಿದ ಅವನು, ಬೆಳಿಗ್ಗೆ ನಿಯಮದಂತೆ ಬಂದೂಕನ್ನು ತಾನೇ ಘೋಷಿಸಿದಾಗ ಬಂಧನಕ್ಕೊಳಗಾದ. ಮೊಕದ್ದಮೆ ಬಿದ್ದುಹೋದರೂ, ಅವನು ಹೂಡಿದ ಪರಿಹಾರದ ದಾವೆ 2010ರಲ್ಲಿ ಸೋತಿತು. ಆದ್ದರಿಂದ ಬಂದೂಕಿನೊಂದಿಗೆ ಹೊರಟರೆ ನ್ಯೂವರ್ಕ್‌ನಲ್ಲಾಗಲಿ ನ್ಯೂಯಾರ್ಕಿನ ಜೆಎಫ್‌ಕೆಯಲ್ಲಾಗಲಿ ವಿಮಾನ ಬದಲಿಸುವ ಟಿಕೆಟ್ ಕೊಳ್ಳಬೇಡಿ.

ಗ್ರೀನ್ ಕಾರ್ಡಿನವರು ಇನ್ನೊಂದನ್ನು ಅರಿತಿರಬೇಕು. ಪೌರನಿಗೆ ದಂಡವೋ ಸೆರೆಯೋ ಆಗಿ ಮುಗಿಯುವ ಬಂದೂಕಿನ ಅಪರಾಧ, ಪೌರನಲ್ಲದವನಿಗೆ ಗಡೀಪಾರಿನ ಕಾರಣವಾಗುತ್ತದೆ. ಇಲ್ಲಿ ಎಷ್ಟು ವರ್ಷ ಇದ್ದಿರಿ ಎಂಬುದು ಅದನ್ನು ತಾನಾಗಿ ತಡೆಯುವುದಿಲ್ಲ. ಹಾಗೆಯೇ ರಾಜ್ಯ ಗಾಂಜಾವನ್ನು ಸಕ್ರಮಗೊಳಿಸಿದ್ದರೂ, ಅದರ ಸೇವನೆಯ ಬಗ್ಗೆ ಫಾರಂ 4473 ಕೇಳುವುದು ಕೇಂದ್ರದ ಕಾನೂನಿನ ಲೆಕ್ಕದಲ್ಲಿ.

ಮಲೆನಾಡಿನಿಂದಲೋ ಕೊಡಗಿನಿಂದಲೋ ಬಂದವರಿಗೆ ಇದೆಲ್ಲ ಇನ್ನೊಂದು ಬಗೆಯಲ್ಲಿ ನೋಯುತ್ತದೆ. ಅಡಿಕೆ ತೋಟಕ್ಕೆ ಮಂಗ ಬರುತ್ತದೆಂದು ಅಜ್ಜ ಇಟ್ಟುಕೊಂಡಿದ್ದ ಕೋವಿ, ಚುನಾವಣೆ ಬಂದಾಗಲೆಲ್ಲ ಅದನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ಗೊಣಗುತ್ತ ಬರುತ್ತಿದ್ದ ಅಪ್ಪ, ಇವರ ನೆನಪು ನಮಗಿದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಲ್ಲದೆ ಕೋವಿ ಹೊಂದಲು ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷ ವಿಸ್ತರಿಸಿದೆ. ಕೈಲ್‌ಪೊಳ್ದ್‌ನಲ್ಲಿ ಕೋವಿಗೆ ಹೂ ಮುಡಿಸಿ ಪೂಜಿಸುವ ಮನೆಯವರಿಗೆ ಅದು ವಂಶದ ಗುರುತು. ಇಲ್ಲಿಯ ಅಂಗಡಿಯಲ್ಲಿ ಕೊಳ್ಳುವ ವಸ್ತುವಿಗೆ ಅಂಥ ಮನೆತನವೂ ಇಲ್ಲ, ತೋಟವೂ ಇಲ್ಲ. ಆಯುಧಪೂಜೆಯ ದಿನ ಕಾರಿಗೂ ಲ್ಯಾಪ್‌ಟಾಪಿಗೂ ಕುಂಕುಮ ಹಚ್ಚುವ ನಾವು, ಶಾಲೆಗಳಲ್ಲಿ ಗುಂಡಿನ ದಾಳಿಯ ಅಣಕು ಕವಾಯತು ಮಾಡಿ ಬರುವ ಮಕ್ಕಳ ಮುಂದೆ ಪಿಸ್ತೂಲಿಗೆ ಹೂ ಇಡಲಾರೆವು. ನಾನಂತೂ ಇಡಲಿಲ್ಲ.

ಮಕ್ಕಳ ವಿಷಯದಲ್ಲಿ ಕಾನೂನಿನ ವ್ಯಂಗ್ಯವೂ ಕಡಿಮೆಯದಲ್ಲ. ಇಲ್ಲೇ ಹುಟ್ಟಿದ ಮಗ ಪೌರ. ಕೇಂದ್ರದ ಕಾನೂನಿನಂತೆ ಹದಿನೆಂಟು ತುಂಬಿದವನು ಡೀಲರನಿಂದ ರೈಫಲ್ ಕೊಳ್ಳಬಹುದು, ರಾಜ್ಯದ ಕಾನೂನು ತಡೆಯದಿದ್ದರೆ. ಗ್ರೀನ್ ಕಾರ್ಡಿನ ಸರದಿಯಲ್ಲಿ ತಲೆ ನರೆತು ಇನ್ನೂ ಎಚ್-1ಬಿಯಲ್ಲೇ ಇರುವ ಅಪ್ಪ ಅದನ್ನು ಮುಟ್ಟುವಂತಿಲ್ಲ. ಮುಟ್ಟುವುದಿರಲಿ, ಅದನ್ನಿಟ್ಟ ಪೆಟ್ಟಿಗೆಯ ಬೀಗದ ಕೈ ಅಪ್ಪನ ಬಳಿಯಿದ್ದರೆ ಅದನ್ನೂ ವಶವೆಂದು ವಾದಿಸಬಹುದು. ಸಾಲದ ಕಂತು ಕಟ್ಟುತ್ತಿರುವ ತನ್ನದೇ ಮನೆಯಲ್ಲಿ ತನಗೆ ಬೀಗದ ಸಂಖ್ಯೆ ತಿಳಿಯಬಾರದ ಒಂದು ಪೆಟ್ಟಿಗೆ ಇರುವುದನ್ನು ಒಪ್ಪಿಕೊಂಡ ಅಪ್ಪಂದಿರನ್ನು ನಾನು ಬಲ್ಲೆ. ಅಂಥ ಮನೆಗಳಲ್ಲಿ ಸಂಖ್ಯೆಯನ್ನು ಮಗನೊಬ್ಬನೇ ಇಟ್ಟುಕೊಳ್ಳಲಿ, ನಾಚಿಕೆ ಬೇಡ. ಇನ್ನೂ ಸಣ್ಣ ಮಕ್ಕಳಿರುವವರು, ಮಗುವನ್ನು ಆಟಕ್ಕೆ ಕಳಿಸುವ ಮುನ್ನ ಆ ಮನೆಯಲ್ಲಿ ಬಂದೂಕಿದೆಯೇ, ಬೀಗ ಹಾಕಿದೆಯೇ ಎಂದು ಕೇಳಿ. ಇಲ್ಲಿಯವರು ಅದನ್ನು ಅಪಮಾನವೆಂದು ಭಾವಿಸುವುದಿಲ್ಲ, ಭಾವಿಸಿದರೂ ಕೇಳಿ.

ಕೊನೆಯದಾಗಿ ಊರಿಗೆ ಹೊರಡುವವರಿಗೆ. ರೇಂಜಿಗೆ ಒಯ್ದ ಬ್ಯಾಗನ್ನೇ ಬೆಂಗಳೂರಿನ ಪ್ರಯಾಣಕ್ಕೆ ತೆಗೆದುಕೊಳ್ಳಬೇಡಿ. ಒಳಜೇಬಿನಲ್ಲಿ ಮರೆತ ಒಂದೇ ಒಂದು ಜೀವಂತ ಗುಂಡು ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕರೂ ಭಾರತದಲ್ಲಿ ಶಸ್ತ್ರಾಸ್ತ್ರ ಕಾಯ್ದೆಯ ಅಡಿ ಪ್ರಕರಣ ದಾಖಲಾಗುತ್ತದೆ. ಗೊತ್ತಿಲ್ಲದೆ ಉಳಿದದ್ದೆಂದು ಹೈಕೋರ್ಟಿನಲ್ಲಿ ರದ್ದಾಗುವ ಹೊತ್ತಿಗೆ ನಿಮ್ಮ ರಜೆ ಮುಗಿದು, ವೀಸಾ ಸ್ಟ್ಯಾಂಪಿಂಗಿನ ಫಾರಂನಲ್ಲಿ ಬಂಧನದ ಬಗೆಗಿನ ಪ್ರಶ್ನೆಗೆ ಹೌದು ಎಂದು ಬರೆಯಬೇಕಾಗಿ ಬರಬಹುದು.