ಔಮುವಾಮುವಾ ಹೊರಳುವ ಬಗೆಯನ್ನು ತಾರಸಿಯ ಮೇಲೆ ತೋರಿಸುವುದು ಹೇಗೆ?

ಸೌರವ್ಯೂಹದ ಹೊರಗಿನಿಂದ ಬಂದದ್ದೆಂದು ಖಚಿತವಾದ ಮೊದಲ ಕಾಯವಾದ ಔಮುವಾಮುವಾವನ್ನು 2017ರ ಅಕ್ಟೋಬರ್ 19ರಂದು, ಹವಾಯಿಯ ಪ್ಯಾನ್-ಸ್ಟಾರ್ಸ್ ದೂರದರ್ಶಕ ತೆಗೆದ ಚಿತ್ರಗಳಲ್ಲಿ ರಾಬರ್ಟ್ ವೆರಿಕ್ ಗುರುತಿಸಿದರು. ಯಾವ ದೂರದರ್ಶಕಕ್ಕೂ ಅದು ಒಂದು ಚುಕ್ಕೆಗಿಂತ ದೊಡ್ಡದಾಗಿ ಕಾಣಲಿಲ್ಲ. ಹಾಗಿದ್ದರೂ ಅದು ನೀಳವೋ ಚಪ್ಪಟೆಯೋ, ನೆಟ್ಟಗೆ ತಿರುಗುತ್ತದೆಯೋ ಅಡ್ಡಾದಿಡ್ಡಿಯಾಗಿ ಹೊರಳುತ್ತದೆಯೋ ಎಂಬ ಚರ್ಚೆ ನಡೆಯಲು ಸಾಧ್ಯವಾದದ್ದು ಆ ಚುಕ್ಕೆಯ ಕಾಂತಿಯ ಏರಿಳಿತದಿಂದ. ಮೈಸೂರು, ಮಂಡ್ಯದ ಶಿಕ್ಷಕರು ಇದನ್ನು ಮಕ್ಕಳ ಕೈಯಿಂದಲೇ ಮಾಡಿಸಬಹುದು.

ಬೇಕಾದದ್ದು ಒಂದು ಉದ್ದನೆಯ ಗೆಣಸು, ಸ್ವೆಟರ್ ಹೆಣೆಯುವ ಲೋಹದ ಕಡ್ಡಿ, ಮಣ್ಣು ತುಂಬಿದ ದುಂಡನೆಯ ಹೂಕುಂಡ, ಅದರಲ್ಲಿ ನೆಡಲು ಒಂದು ಕೋಲು, ದಾರ, ಗ್ರಾಫ್ ಹಾಳೆ ಅಂಟಿಸಿದ ರಟ್ಟು. ಸಂಕ್ರಾಂತಿಯ ಹೊತ್ತಿಗೆ ದೇವರಾಜ ಮಾರುಕಟ್ಟೆಯಲ್ಲಿ ಗೆಣಸಿಗೆ ಬರವಿಲ್ಲ. ಉದ್ದ ಅಗಲದ ನಾಲ್ಕರಷ್ಟಾದರೂ ಇದ್ದು, ಒಂದು ಪಕ್ಕ ಉಬ್ಬಿ ಇನ್ನೊಂದು ಪಕ್ಕ ತಗ್ಗಿರುವಂಥದ್ದನ್ನೇ ಆರಿಸಿ. ನುಣುಪಾಗಿ ದುಂಡಗಿರುವ ಗೆಣಸಿನಲ್ಲಿ ಹೊರಳಾಟದ ಅರ್ಧ ಕಥೆ ಕಾಣುವುದೇ ಇಲ್ಲ.

ಕಡ್ಡಿಯನ್ನು ಗೆಣಸಿನ ಉದ್ದಕ್ಕೆ ಚುಚ್ಚಿ, ಹೊರಗೆ ಉಳಿದ ತುದಿಯನ್ನು ಕೋಲಿಗೆ ಲಂಬಕೋನದಲ್ಲಿ ಬಿಗಿಯಿರಿ. ಬಿಸಿಲು ಓರೆಯಾಗಿ ಬೀಳುವ ಬೆಳಗಿನ ಏಳೂವರೆಯ ಸುಮಾರಿಗೆ ತಾರಸಿಯಲ್ಲಿ ಕುಂಡವನ್ನಿಟ್ಟು, ಗೆಣಸಿನ ಹಿಂದೆ ಒಂದು ಗೇಣಿನೊಳಗೆ ರಟ್ಟನ್ನು ಸೂರ್ಯನಿಗೆ ನೇರವಾಗಿ ಹಿಡಿಯಬೇಕು. ಕುಂಡವನ್ನು 15 ಡಿಗ್ರಿಯಷ್ಟು ತಿರುಗಿಸುತ್ತ, ಪ್ರತಿ ಸಲವೂ ಗೆಣಸಿನ ನೆರಳಿನ ಅಂಚನ್ನು ಪೆನ್ಸಿಲಿನಿಂದ ಗೀಚಿ, ಒಳಗಿನ ಚೌಕಗಳನ್ನು ಎಣಿಸಿ ಬರೆಯಿರಿ. ನೆರಳಿನ ವಿಸ್ತೀರ್ಣವೆಂದರೆ ಸೂರ್ಯನ ಕಡೆಯಿಂದ ಕಾಣುವ ಗೆಣಸಿನ ವಿಸ್ತೀರ್ಣ. ಆಕಾಶಕಾಯದ ಕಾಂತಿ ಏರಿಳಿಯುವುದೂ ಮುಖ್ಯವಾಗಿ ಇದರಿಂದಲೇ. ಮೊಬೈಲ್ ಆ್ಯಪ್ ಬಳಸುವ ಆಸೆಯನ್ನು ಇಲ್ಲಿ ಬಿಡುವುದು ಒಳ್ಳೆಯದು, ಏಕೆಂದರೆ ಚೌಕ ಎಣಿಸಿದ ಮಗುವಿಗೆ ವಿಸ್ತೀರ್ಣ ಕುಗ್ಗಿದ್ದು ಕೈಗೇ ತಿಳಿಯುತ್ತದೆ.

24 ಅಳತೆಗಳನ್ನು ಗ್ರಾಫಿನಲ್ಲಿ ಗುರುತಿಸಿದಾಗ ಒಂದು ಸುತ್ತಿಗೆ ಎರಡು ಏರು, ಎರಡು ಇಳಿತ ಕಾಣುತ್ತವೆ. ಆದ್ದರಿಂದಲೇ ಔಮುವಾಮುವಾದ ಕಾಂತಿ ಸುಮಾರು ನಾಲ್ಕು ಗಂಟೆಗೊಮ್ಮೆ ಏರಿಳಿದರೂ, ಅದರ ಸುತ್ತಿನ ಅವಧಿ ಏಳರಿಂದ ಒಂಬತ್ತು ಗಂಟೆಗಳ ನಡುವಿನದೆಂದು ಲೆಕ್ಕ ಹಾಕಲಾಯಿತು. ಅದರ ಕಾಂತಿ ಸುಮಾರು ಹತ್ತು ಪಟ್ಟು ವ್ಯತ್ಯಾಸವಾಗುತ್ತಿತ್ತು. ನಿಮ್ಮ ಗೆಣಸಿನ ವ್ಯತ್ಯಾಸ ಎಷ್ಟು ಪಟ್ಟು ಎಂದು ಹೋಲಿಸಿ ನೋಡಿ.

ಇನ್ನು ಹೊರಳಾಟ. ಕಡ್ಡಿಯನ್ನು ಬಿಚ್ಚಿ, ಕೋಲಿಗೆ ಸುಮಾರು 60 ಡಿಗ್ರಿ ಓರೆಯಾಗಿ ಮತ್ತೆ ಕಟ್ಟಿ. ಕುಂಡವನ್ನು 15 ಡಿಗ್ರಿ ತಿರುಗಿಸಿದಾಗಲೆಲ್ಲ ಗೆಣಸನ್ನೂ ಅದರ ಕಡ್ಡಿಯ ಸುತ್ತ 10 ಡಿಗ್ರಿ ಉರುಳಿಸಬೇಕು. ಕುಂಡ ಒಂದು ಸುತ್ತು ಮುಗಿಸಿದಾಗ ಗೆಣಸು ಇನ್ನೂ 240 ಡಿಗ್ರಿಯಷ್ಟೇ ಉರುಳಿರುತ್ತದೆ. ಹಾಗಾಗಿ ಎರಡನೆಯ ಸುತ್ತಿನ ರೇಖೆ ಮೊದಲನೆಯದರ ಮೇಲೆ ಕೂರುವುದಿಲ್ಲ, ಮೂರು ಸುತ್ತು ಮುಗಿದ ಮೇಲಷ್ಟೇ ಮೊದಲಿನ ನೆರಳು ಮರಳುತ್ತದೆ. ಮಕ್ಕಳು ತಪ್ಪಾಗಿದೆಯೆಂದು ಅಳಿಸಲು ಹೊರಡುವುದು ಇಲ್ಲಿಯೇ, ದಯವಿಟ್ಟು ತಡೆಯಿರಿ. ಬೇರೆ ಬೇರೆ ರಾತ್ರಿಗಳ ಅಳತೆಗಳು ಒಂದೇ ಅವಧಿಗೆ ಹೊಂದದೆ ಹೋದಾಗಲೇ ಖಗೋಳಜ್ಞರು ಔಮುವಾಮುವಾ ಒಂದೇ ಅಕ್ಷದ ಮೇಲೆ ತಿರುಗುತ್ತಿಲ್ಲವೆಂಬ ತೀರ್ಮಾನಕ್ಕೆ ಬಂದರು.

ಗೆಣಸಿನ ಬದಲು ದುಂಡಗೆ ಕತ್ತರಿಸಿದ ದಪ್ಪ ರಟ್ಟನ್ನು ಕಟ್ಟಿಯೂ ಒಮ್ಮೆ ಅಳೆಯಿರಿ. ಚಪ್ಪಟೆ ಕಾಯವೂ ಅಂಥದೇ ಆಳವಾದ ಇಳಿತಗಳನ್ನು ಕೊಡಬಲ್ಲದು. ಚಿತ್ರಕಾರರು ಬಿಡಿಸಿದ ಉದ್ದನೆಯ ಕೆಂಪು ಬಂಡೆಯನ್ನೇ ಛಾಯಾಚಿತ್ರವೆಂದು ನಂಬಿರುವ ವಿದ್ಯಾರ್ಥಿಗಳಿಗೆ ಇದನ್ನು ತೋರಿಸದೆ ಬಿಡಬಾರದು.

ಹೊರಳುವ ಕಾಯ ಒಳಗೊಳಗೇ ಬಾಗಿ, ಘರ್ಷಣೆಯಲ್ಲಿ ಶಕ್ತಿ ಕಳೆದುಕೊಂಡು ಕೊನೆಗೆ ಒಂದೇ ಅಕ್ಷಕ್ಕೆ ನೆಲೆಗೊಳ್ಳುತ್ತದೆ. ಇಷ್ಟು ಚಿಕ್ಕದಾದ, ನಿಧಾನವಾಗಿ ತಿರುಗುವ ಗಟ್ಟಿ ಕಾಯಕ್ಕೆ ಅದಕ್ಕೆ ನೂರು ಕೋಟಿ ವರ್ಷಕ್ಕೂ ಹೆಚ್ಚು ಕಾಲ ಹಿಡಿಯಬಹುದೆಂಬ ಅಂದಾಜಿದೆ. ಹೀಗಾಗಿ ತವರಿನಲ್ಲಿ ಬಿದ್ದ ಪೆಟ್ಟೇ ಈ ಹೊರಳಾಟಕ್ಕೆ ಕಾರಣವಾಗಿರಬಹುದು. ಆದರೆ ಆ ತವರು ಯಾವುದೆಂದು ಹೊರಳಾಟ ಹೇಳಲಾರದು. ಹೊರಗಿನದೆಂಬುದಕ್ಕೆ ಸಾಕ್ಷಿ ಅದರ ಪಥ: ಉತ್ಕೇಂದ್ರತೆ (ಪಥ ವೃತ್ತಕ್ಕಿಂತ ಎಷ್ಟು ಹಿಗ್ಗಿದೆ ಎಂಬ ಅಳತೆ; 1ಕ್ಕಿಂತ ಹೆಚ್ಚಾದರೆ ಕಾಯ ಸೂರ್ಯನ ಸುತ್ತ ಮರಳಿ ಬರುವುದಿಲ್ಲ) ಸುಮಾರು 1.2, ಸೂರ್ಯನಿಂದ ಬಹುದೂರದಲ್ಲಿದ್ದಾಗಲೇ ಸೆಕೆಂಡಿಗೆ ಸುಮಾರು 26 ಕಿಲೋಮೀಟರ್ ವೇಗ.

ಅದು ಬಂದದ್ದು ಅಭಿಜಿತ್ ನಕ್ಷತ್ರಕ್ಕೆ ಹತ್ತಿರದ ದಿಕ್ಕಿನಿಂದ. ದಸರಾ ಕಳೆದು ಮೋಡ ಚದುರಿದ ಮೇಲೆ, ಸಂಜೆ ಏಳರ ಸುಮಾರಿಗೆ ವಾಯವ್ಯಕ್ಕೆ ಮುಖ ಮಾಡಿ ನಿಂತರೆ ಮೈಸೂರಿನ ದೀಪಗಳ ನಡುವೆಯೂ ಆ ನಕ್ಷತ್ರ ಎತ್ತರದಲ್ಲಿ ಬೆಳ್ಳಗೆ ಕಾಣುತ್ತದೆ. ಅದನ್ನು ತೋರಿಸಿದ ಮೇಲೆ ಒಂದು ಲೆಕ್ಕ ಮಾಡಿಸಿ: ಅಭಿಜಿತ್ ಇರುವುದು 25 ಜ್ಯೋತಿರ್ವರ್ಷ ದೂರದಲ್ಲಿ, ಬೆಳಕಿನ ವೇಗ ಸೆಕೆಂಡಿಗೆ 3,00,000 ಕಿಲೋಮೀಟರ್. 25ನ್ನು 3,00,000ದಿಂದ ಗುಣಿಸಿ 26ರಿಂದ ಭಾಗಿಸಿದರೆ ಪಯಣಕ್ಕೆ ಸುಮಾರು 2,90,000 ವರ್ಷ ಬೇಕಾಯಿತು. ನಕ್ಷತ್ರಗಳೂ ಚಲಿಸುವುದರಿಂದ ಅಷ್ಟು ಹಿಂದೆ ಅಭಿಜಿತ್ ಈ ಜಾಗದಲ್ಲಿ ಇರಲಿಲ್ಲ. ಮಕ್ಕಳ ಪುಸ್ತಕದಲ್ಲಿ ಆ ಹೆಸರು ‘ಬಂದ ದಿಕ್ಕು’ ಎಂಬ ಸಾಲಿನಲ್ಲಿರಲಿ, ‘ಹುಟ್ಟಿದ ಸ್ಥಳ’ ಎಂಬ ಸಾಲನ್ನು ಖಾಲಿ ಬಿಡಿಸಿ.